ಲಿನಕ್ಸ್‌ನಲ್ಲಿ ಕಡತ ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತಿದೆ: ತಡೆ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯದಲ್ಲಿರುವ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ಕೆಲವು ಗೆಳೆಯರು ಸೇರಿ ಮಾಡುತ್ತಿದ್ದೇವೆ. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ, ಪೂರ್ಣ ಬಣ್ಣದಲ್ಲಿ, ಕುಗ್ಗಿಸದ ಟಿಫ್ ಕಡತವಾಗಿ ಉಳಿಸಿದರೆ ಅದು ಸುಮಾರು 26 ಎಂಬಿ ಆಗುತ್ತದೆ. ಮುನ್ನೂರು ಪುಟಗಳ ಒಂದು ಪುಸ್ತಕವೆಂದರೆ ಎಂಟು ಜಿಬಿಯ ಹತ್ತಿರ. ಹೀಗಾಗಿ ಪ್ರತಿದಿನವೂ ದೊಡ್ಡ ಪ್ರಮಾಣದ ಕಡತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾಗುತ್ತದೆ. ಕಂಪ್ಯೂಟರ್‌ನಲ್ಲಿ ಉಬುಂಟು ಇದೆ, ಮೆಮೊರಿ 16 ಜಿಬಿ.

ತೊಂದರೆ ಮೂರು ರೀತಿಯಲ್ಲಿ ಕಾಣಿಸಿಕೊಳ್ಳುತ್ತಿದೆ. ಪೆನ್ ಡ್ರೈವ್‌ಗೆ ಪ್ರತಿ ಮಾಡುವಾಗ ಮೊದಲು ಬಹಳ ವೇಗವಾಗಿ ಸಾಗಿ, ಕೊನೆಯಲ್ಲಿ ಪಟ್ಟಿ ಪೂರ್ತಿ ತುಂಬಿದ ಮೇಲೆ ಎಷ್ಟೋ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಕೇಬಲ್ ಮೂಲಕ ಜೋಡಿಸುವ ಹೊರಗಿನ ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡುವಾಗ ನಡುವೆ ಎಲ್ಲೋ ನಿಲ್ಲುತ್ತದೆ, ಆ ಕೆಲಸವನ್ನು ರದ್ದು ಮಾಡಲು ಹೋದರೂ ಆಗುವುದಿಲ್ಲ. ಮೂರನೆಯದಾಗಿ, ಬೆಂಗಳೂರಿನಲ್ಲಿರುವ ನಮ್ಮ ಸರ್ವರ್‌ಗೆ ಎಸ್‌ಸಿಪಿ (ಜಾಲದ ಮೇಲೆ ಕಡತ ಪ್ರತಿ ಮಾಡುವ ಕಮಾಂಡ್) ಮೂಲಕ ಕಳುಹಿಸುವಾಗ ಸಣ್ಣ ಪಠ್ಯ ಕಡತಗಳು ಕೂಡಲೇ ಹೋಗುತ್ತವೆ, ಚಿತ್ರಗಳು ಮಾತ್ರ ಶುರುವಾದ ತಕ್ಷಣ ‘ಸ್ಟಾಲ್ಡ್’ ಎಂದು ತೋರಿಸಿ ಅಲ್ಲೇ ಉಳಿಯುತ್ತವೆ. ಇವು ಮೂರೂ ಒಂದೇ ದೋಷದ ಲಕ್ಷಣಗಳೇ? ಉಬುಂಟುವನ್ನು ಮರಳಿ ಅನುಸ್ಥಾಪಿಸುವುದರಿಂದ ಪ್ರಯೋಜನವಾದೀತೇ?

ಕರಾವಳಿ ಕರ್ನೆಲ್

ನಮಸ್ಕಾರ. ದಯವಿಟ್ಟು ಮರಳಿ ಅನುಸ್ಥಾಪಿಸಬೇಡಿ. ನೀವು ಹೇಳಿದ ಮೂರೂ ಬೇರೆ ಬೇರೆ ಜಾಗಗಳಲ್ಲಿ ಹುಟ್ಟುವ ತೊಂದರೆಗಳು ಎಂದು ನನಗೆ ಅನ್ನಿಸುತ್ತದೆ, ಮತ್ತು ಮರುಸ್ಥಾಪನೆಯಿಂದ ಅವುಗಳಲ್ಲಿ ಒಂದೂ ಸರಿಹೋಗುವ ಸಾಧ್ಯತೆ ಕಡಿಮೆ. ಒಂದೊಂದನ್ನೇ ತೆಗೆದುಕೊಳ್ಳೋಣ.

ಪೆನ್ ಡ್ರೈವ್‌ನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಪರದೆಯ ಮೇಲೆ ತುಂಬುತ್ತಾ ಹೋಗುವ ಆ ಪಟ್ಟಿ ಪೆನ್ ಡ್ರೈವ್‌ನ ಒಳಗೆ ಎಷ್ಟು ಬರೆಯಲಾಗಿದೆ ಎಂಬುದನ್ನು ತೋರಿಸುವುದಿಲ್ಲ. ಪ್ರತಿ ಮಾಡುವ ತಂತ್ರಾಂಶ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಎಷ್ಟು ಬೈಟ್‌ಗಳನ್ನು ಒಪ್ಪಿಸಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಕರ್ನೆಲ್ ಆ ಬೈಟ್‌ಗಳನ್ನು ಕೂಡಲೇ ಬರೆಯದೆ ಮೆಮೊರಿಯಲ್ಲಿ, ಪೇಜ್ ಕ್ಯಾಶ್ ಎಂಬ ಜಾಗದಲ್ಲಿ ಇಟ್ಟುಕೊಂಡು, ಬಳಿಕ ನಿಧಾನವಾಗಿ ಸಾಧನಕ್ಕೆ ಬರೆಯುತ್ತದೆ. ಲಾರಿಯಿಂದ ಅಡಿಕೆ ಮೂಟೆಗಳನ್ನು ಅಂಗಳಕ್ಕೆ ಇಳಿಸುವುದು ಬೇಗ ಮುಗಿಯುತ್ತದೆ, ಅಂಗಳದಿಂದ ಅಟ್ಟಕ್ಕೆ ಒಂದೊಂದಾಗಿ ಹೊರುವುದಕ್ಕೆ ಹೊತ್ತು ಹಿಡಿಯುತ್ತದೆ; ನಿಮ್ಮ ಪಟ್ಟಿ ಎಣಿಸುತ್ತಿರುವುದು ಅಂಗಳಕ್ಕೆ ಇಳಿದ ಮೂಟೆಗಳನ್ನು.

ಹೀಗೆ ಇನ್ನೂ ಬರೆಯದೆ ಮೆಮೊರಿಯಲ್ಲಿ ಉಳಿದ ಪುಟಗಳಿಗೆ (ಪುಸ್ತಕದ ಪುಟಗಳಲ್ಲ, ಮೆಮೊರಿಯ ತುಣುಕುಗಳು) ‘ಡರ್ಟಿ’ ಪುಟಗಳು ಎಂದು ಹೆಸರು. ಇವು ಎಷ್ಟು ಬೆಳೆಯಬಹುದು ಎಂಬುದಕ್ಕೆ ಎರಡು ಮಿತಿಗಳಿವೆ. ಲಭ್ಯ ಮೆಮೊರಿಯ ಶೇ. 10ನ್ನು ದಾಟಿದಾಗ ಕರ್ನೆಲ್ ಹಿನ್ನೆಲೆಯಲ್ಲಿ ಬರೆಯಲು ತೊಡಗುತ್ತದೆ, ಮತ್ತು ಶೇ. 20ನ್ನು ಸಮೀಪಿಸುತ್ತಿದ್ದಂತೆ ಬರೆಯುತ್ತಿರುವ ತಂತ್ರಾಂಶವನ್ನೇ ತಡೆದು ನಿಲ್ಲಿಸುತ್ತದೆ. ಕರ್ನೆಲ್‌ನ ಮೂಲ ಹೊಂದಿಕೆಗಳು ಇವು. ಇದರ ಜೊತೆಗೆ, ಅಂತಹ ಒಂದು ಪುಟ 30 ಸೆಕೆಂಡುಗಳಿಗಿಂತ ಹಳೆಯದಾದರೆ ಅದನ್ನೂ ಬರೆಯಲು ತೆಗೆದುಕೊಳ್ಳುತ್ತದೆ. ನಿಮ್ಮ 16 ಜಿಬಿಯಲ್ಲಿ 12 ಜಿಬಿ ಲಭ್ಯವಿದೆ ಎಂದಿಟ್ಟುಕೊಂಡರೆ, ಸುಮಾರು 2.4 ಜಿಬಿಯವರೆಗೆ ಬರೆಯದ ದತ್ತಾಂಶ ಕೂಡಿಕೊಳ್ಳಬಹುದು. ಪೆನ್ ಡ್ರೈವ್ ಸೆಕೆಂಡಿಗೆ 8 ಎಂಬಿ ಮಾತ್ರ ಬರೆಯಬಲ್ಲದಾದರೆ ಅಷ್ಟನ್ನು ಖಾಲಿ ಮಾಡಲು ಐದು ನಿಮಿಷ ಬೇಕು. ಆ ಐದು ನಿಮಿಷವೇ ನಿಮಗೆ ‘ನಿಂತಿದೆ’ ಎಂದು ಕಾಣುತ್ತಿರುವುದು.

ಇದು ಊಹೆಯಾಗಿ ಉಳಿಯುವುದು ಬೇಡ. ಟರ್ಮಿನಲ್‌ನಲ್ಲಿ ‘ವಾಚ್’ ಕಮಾಂಡ್ ಬಳಸಿ ‘ಪ್ರಾಕ್’ ಫೋಲ್ಡರ್‌ನ ‘ಮೆಮ್‌ಇನ್ಫೋ’ ಕಡತದಲ್ಲಿರುವ ‘ಡರ್ಟಿ’ ಮತ್ತು ‘ರೈಟ್‌ಬ್ಯಾಕ್’ ಎಂಬ ಎರಡು ಸಾಲುಗಳನ್ನು ಪ್ರತಿ ಸೆಕೆಂಡಿಗೊಮ್ಮೆ ತೋರಿಸುವಂತೆ ಮಾಡಿ. ಪಟ್ಟಿ ನಿಂತಿರುವಾಗಲೂ ಆ ಸಂಖ್ಯೆಗಳು ಇಳಿಯುತ್ತಿದ್ದರೆ ವರ್ಗಾವಣೆ ನಿಂತಿಲ್ಲ, ನಡೆಯುತ್ತಿದೆ. ಸಂಖ್ಯೆಗಳೂ ಅಲ್ಲಾಡದೆ ನಿಂತಿದ್ದರೆ ಆಗ ಸಾಧನ ಅಥವಾ ಕೇಬಲ್‌ನ ಕಡೆ ನೋಡಬೇಕು. ಈ ಒಂದು ಪರೀಕ್ಷೆಯ ಫಲಿತಾಂಶವನ್ನು ಪೆನ್ ಡ್ರೈವ್‌ಗೂ ಹಾರ್ಡ್ ಡಿಸ್ಕ್‌ಗೂ ಪ್ರತ್ಯೇಕವಾಗಿ ತಿಳಿಸಿ.

ತುಂಗಾತೀರ

ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ಪೆನ್ ಡ್ರೈವ್‌ನ ವಿಷಯದಲ್ಲಿ ನೀವು ಹೇಳಿದಂತೆಯೇ ಇದೆ. ಪಟ್ಟಿ ತುಂಬಿ ನಿಂತಾಗ ‘ಡರ್ಟಿ’ ಸಾಲಿನಲ್ಲಿ ಎರಡು ಜಿಬಿಗೂ ಹೆಚ್ಚು ಇತ್ತು, ಅದು ನಿಧಾನವಾಗಿ ಇಳಿದು ಕೊನೆಗೆ ಕೆಲವು ಕೆಬಿಗೆ ಬಂದಾಗ ಕಿಟಕಿ ತಾನಾಗಿಯೇ ಮುಚ್ಚಿಕೊಂಡಿತು. ಹಾರ್ಡ್ ಡಿಸ್ಕ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿ ‘ರೈಟ್‌ಬ್ಯಾಕ್’ ಸಂಖ್ಯೆ ಒಂದೇ ಕಡೆ ನಿಂತುಬಿಡುತ್ತದೆ, ಅರ್ಧ ನಿಮಿಷದ ಮೇಲೆ ಸ್ವಲ್ಪ ಇಳಿದು ಮತ್ತೆ ನಿಲ್ಲುತ್ತದೆ.

ಪೆನ್ ಡ್ರೈವ್‌ಗೆ ಬರೆಯುವಾಗ ಉಳಿದ ಕೆಲಸಗಳೂ ತಡವರಿಸುತ್ತವೆ. ಸ್ಕ್ಯಾನ್ ಮಾಡುತ್ತಿರುವವರು ಹೊಸ ಪುಟವನ್ನು ಉಳಿಸಲು ಹೋದರೆ ಅದೂ ಕಾಯುತ್ತದೆ. ಇದನ್ನು ತಪ್ಪಿಸಲು ಸಾಧ್ಯವೇ?

ಹಳೇಬೀಡು ಹ್ಯಾಕರ್

ಇದಕ್ಕೆ ಸುಲಭವಾದ ದಾರಿ ಇದೆ. ಪೆನ್ ಡ್ರೈವ್ ಅನ್ನು ಮೌಂಟ್ ಮಾಡುವಾಗ, ಅಂದರೆ ವ್ಯವಸ್ಥೆಗೆ ಸೇರಿಸಿಕೊಳ್ಳುವಾಗ, ‘ಸಿಂಕ್’ ಎಂಬ ಆಯ್ಕೆಯನ್ನು ಕೊಟ್ಟುಬಿಡಿ. ಆಗ ಮೆಮೊರಿಯಲ್ಲಿ ಏನೂ ಉಳಿಯುವುದಿಲ್ಲ, ಪ್ರತಿಯೊಂದು ಬರಹವೂ ನೇರವಾಗಿ ಸಾಧನಕ್ಕೇ ಹೋಗುತ್ತದೆ. ಪಟ್ಟಿಯೂ ನಿಜವನ್ನೇ ತೋರಿಸುತ್ತದೆ.

ಕರಾವಳಿ ಕರ್ನೆಲ್

ಹಳೇಬೀಡು ಅವರೇ, ನಿಮ್ಮ ಸಲಹೆಯ ಉದ್ದೇಶ ಅರ್ಥವಾಗುತ್ತದೆ, ಆದರೆ ಅದನ್ನು ನಾನು ಒಪ್ಪಲಾರೆ, ಮತ್ತು ಓದುವ ಇತರರೂ ಹಾಗೆ ಮಾಡದಿರಲಿ ಎಂದು ಕಾರಣವನ್ನು ಬರೆಯುತ್ತೇನೆ. ಫ್ಯಾಟ್ ಮಾದರಿಯ ಕಡತ ವ್ಯವಸ್ಥೆಯಲ್ಲಿ ಪ್ರತಿ ತುಣುಕು ಬರೆದಾಗಲೂ ಯಾವ ಕಡತ ಎಲ್ಲಿದೆ ಎಂಬ ಕೋಷ್ಟಕವನ್ನು ತಿದ್ದಬೇಕು. ‘ಸಿಂಕ್’ ಕೊಟ್ಟರೆ ಆ ಕೋಷ್ಟಕ ಕೂಡ ಮತ್ತೆ ಮತ್ತೆ ಅದೇ ಜಾಗದಲ್ಲಿ ಬರೆಯಲ್ಪಡುತ್ತದೆ. ವೇಗ ತೀರಾ ಕುಸಿಯುವುದಷ್ಟೇ ಅಲ್ಲ, ಬರೆಯುವ ಸಂಖ್ಯೆಗೆ ಮಿತಿಯಿರುವ ಫ್ಲ್ಯಾಶ್ ಸಾಧನಗಳ ಆಯಸ್ಸೂ ಕಡಿಮೆಯಾಗಬಹುದು ಎಂದು ಮೌಂಟ್ ಕಮಾಂಡ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಅದರ ಬದಲು ಬರೆಯದೆ ಉಳಿಯುವ ದತ್ತಾಂಶದ ಮಿತಿಯನ್ನೇ ತಗ್ಗಿಸುವುದು ಉತ್ತಮ. ಶೇಕಡಾವಾರು ಮಿತಿ ನಿಗದಿಯಾದದ್ದು ಕಂಪ್ಯೂಟರ್‌ಗಳಲ್ಲಿ ಮೆಮೊರಿ ಬಹಳ ಕಡಿಮೆ ಇದ್ದ ಕಾಲದಲ್ಲಿ. ಇಂದಿನ ಯಂತ್ರಗಳಿಗೆ ಅದು ಹೆಚ್ಚಾಯಿತು ಎಂಬ ಚರ್ಚೆ 2013ರಲ್ಲಿ ಕರ್ನೆಲ್ ಅಭಿವೃದ್ಧಿಕಾರರ ನಡುವೆಯೇ ನಡೆದಿತ್ತು, ಲಿನಸ್ ಟೊರ್ವಾಲ್ಡ್ಸ್ ಅವರೂ ಅದರಲ್ಲಿ ಪಾಲ್ಗೊಂಡಿದ್ದರು. ಶೇಕಡಾವಾರಿಗೆ ಬದಲಾಗಿ ನೇರವಾಗಿ ಬೈಟ್‌ಗಳಲ್ಲಿ ಮಿತಿ ಹಾಕಲು ‘ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್’ ಮತ್ತು ‘ಡರ್ಟಿ ಬೈಟ್ಸ್’ ಎಂಬ ಎರಡು ಹೊಂದಿಕೆಗಳಿವೆ. ಮೊದಲನೆಯದಕ್ಕೆ 67108864 ಅಂದರೆ 64 ಎಂಬಿ, ಎರಡನೆಯದಕ್ಕೆ 268435456 ಅಂದರೆ 256 ಎಂಬಿ ಎಂದು ‘ಸಿಸ್‌ಸಿಟಿಎಲ್’ ಕಮಾಂಡ್‌ನಿಂದ ಕೊಟ್ಟು ನೋಡಿ. ಬೈಟ್‌ಗಳಲ್ಲಿ ಕೊಟ್ಟ ಕೂಡಲೇ ಅದಕ್ಕೆ ಸಂಬಂಧಿಸಿದ ಶೇಕಡಾವಾರು ಹೊಂದಿಕೆ ಶೂನ್ಯವಾಗುತ್ತದೆ, ಅದನ್ನು ಕಂಡು ಗಾಬರಿಪಡಬೇಕಿಲ್ಲ. ಕಂಪ್ಯೂಟರ್ ಮರಳಿ ಶುರುವಾದಾಗ ಇವು ಮಾಯವಾಗುತ್ತವೆ, ಆದ್ದರಿಂದ ಪರೀಕ್ಷೆಗೆ ಭಯವಿಲ್ಲ. ಸರಿ ಎನಿಸಿದರೆ ‘ಇಟಿಸಿ’ ಫೋಲ್ಡರ್‌ನೊಳಗಿನ ‘ಸಿಸ್‌ಸಿಟಿಎಲ್ ಡಾಟ್ ಡಿ’ಯಲ್ಲಿ ಒಂದು ಕಡತ ಮಾಡಿ ಶಾಶ್ವತಗೊಳಿಸಿ.

ಬಯಲುಸೀಮೆ ಸರ್ವರ್

ಒಂದು ಆಕ್ಷೇಪವಿದೆ. ಈ ಮಿತಿ ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ. ವೇಗದ ಎಸ್‌ಎಸ್‌ಡಿಯ ಮೇಲೆ ದತ್ತಸಂಚಯವನ್ನು ನಡೆಸುವ ಯಂತ್ರದಲ್ಲಿ ಒಂದು ಪೆನ್ ಡ್ರೈವ್‌ನ ಸಲುವಾಗಿ ಇದನ್ನು ಇಷ್ಟು ಇಳಿಸುವುದು ಸರಿಯಲ್ಲ. ‘ಸಿಸ್’ ಫೋಲ್ಡರ್‌ನ ‘ಕ್ಲಾಸ್’ ಅಡಿಯಲ್ಲಿರುವ ‘ಬಿಡಿಐ’ ಎಂಬಲ್ಲಿ ಪ್ರತಿಯೊಂದು ಸಾಧನಕ್ಕೂ ಪ್ರತ್ಯೇಕ ಮಿತಿಯನ್ನು ಕೊಡಬಹುದು. ಕರ್ನೆಲ್ 6.2ರಿಂದ ಅಲ್ಲಿ ಬೈಟ್‌ಗಳಲ್ಲಿ ಗರಿಷ್ಠ ಮಿತಿಯನ್ನೂ, ಅದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಮಾಡುವ ಹೊಂದಿಕೆಯನ್ನೂ ಸೇರಿಸಿದ್ದಾರೆ. ಸ್ಕ್ಯಾನ್ ಮಾಡುವ ಒಂಟಿ ಕಂಪ್ಯೂಟರ್‌ಗೆ ಕರಾವಳಿ ಅವರು ಹೇಳಿದ್ದು ಸಾಕು, ಆದರೆ ಸರ್ವರ್ ನೋಡಿಕೊಳ್ಳುವವರು ಸಾಧನಕ್ಕೆ ಸೀಮಿತವಾದ ದಾರಿಯನ್ನೇ ಆರಿಸಿಕೊಳ್ಳಲಿ.

ಕರಾವಳಿ ಕರ್ನೆಲ್

ಒಪ್ಪಿದೆ, ಮೇಡಂ. ಅದು ಹೆಚ್ಚು ಸ್ವಚ್ಛವಾದ ದಾರಿ.

ಇನ್ನು ಹಾರ್ಡ್ ಡಿಸ್ಕ್‌ಗೆ ಬರೋಣ. ‘ಅರ್ಧ ನಿಮಿಷದ ಮೇಲೆ ಸ್ವಲ್ಪ ಇಳಿದು ಮತ್ತೆ ನಿಲ್ಲುತ್ತದೆ’ ಎಂದು ತುಂಗಾತೀರ ಅವರು ಬರೆದಿರುವುದು ಬಹಳ ಉಪಯುಕ್ತವಾದ ಸುಳಿವು. ಡಿಸ್ಕ್‌ಗೆ ಕೊಟ್ಟ ಒಂದು ಆದೇಶಕ್ಕೆ ಉತ್ತರ ಬರದಿದ್ದರೆ ಕರ್ನೆಲ್ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ, ಬಳಿಕ ಆ ಆದೇಶವನ್ನು ರದ್ದುಪಡಿಸಿ, ಸಾಧನವನ್ನು ಮರುಹೊಂದಿಸಿ, ಮತ್ತೆ ಪ್ರಯತ್ನಿಸುತ್ತದೆ. ನಿಮ್ಮಲ್ಲಿ ನಡೆಯುತ್ತಿರುವುದು ಬಹುಶಃ ಇದೇ. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ಕಮಾಂಡ್ ಅನ್ನು ನಿರಂತರವಾಗಿ ತೋರಿಸುವ ಆಯ್ಕೆಯೊಡನೆ ಒಂದು ಕಿಟಕಿಯಲ್ಲಿ ತೆರೆದಿಟ್ಟು, ಇನ್ನೊಂದರಲ್ಲಿ ಪ್ರತಿ ಮಾಡಲು ತೊಡಗಿ.

ರದ್ದು ಮಾಡಲು ಆಗದಿರುವುದಕ್ಕೂ ಕಾರಣವಿದೆ. ಸಾಧನದಿಂದ ಉತ್ತರಕ್ಕಾಗಿ ಕರ್ನೆಲ್‌ನೊಳಗೆ ಕಾಯುತ್ತಿರುವ ಪ್ರಕ್ರಿಯೆ ‘ಡಿ’ ಎಂಬ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅದು ಯಾವ ಸೂಚನೆಯನ್ನೂ ಸ್ವೀಕರಿಸುವುದಿಲ್ಲ, ‘ಕಿಲ್’ ಕಮಾಂಡ್‌ಗೆ 9ನೆಯ ಸಂಕೇತವನ್ನು ಕೊಟ್ಟರೂ ಕಾಯುವಿಕೆ ಮುಗಿಯುವವರೆಗೆ ಸಾಯುವುದಿಲ್ಲ. ಎರಡು ನಿಮಿಷ ಹಾಗೆಯೇ ಇದ್ದರೆ ‘120 ಸೆಕೆಂಡುಗಳಿಗಿಂತ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟಿದೆ’ ಎಂಬ ಅರ್ಥದ ಸಂದೇಶ ಕರ್ನೆಲ್ ದಾಖಲೆಯಲ್ಲಿ ಕಾಣಿಸುತ್ತದೆ. ಇಂತಹ ಹೊತ್ತಿನಲ್ಲಿ ಕೇಬಲ್ ಕಿತ್ತುಹಾಕುವ ಆತುರ ಎಲ್ಲರಿಗೂ ಬರುತ್ತದೆ. ದಯವಿಟ್ಟು ಸಂದೇಶಗಳನ್ನು ಓದುವವರೆಗೆ ತಾಳಿ.

ತುಂಗಾತೀರ

ಸಂದೇಶಗಳನ್ನು ಓದಿದೆ. ಪ್ರತಿ ಬಾರಿ ನಿಂತಾಗಲೂ ‘ಯುಎಎಸ್’ ಎಂದು ಶುರುವಾಗುವ, ಆದೇಶ ರದ್ದಾಯಿತು ಎಂಬ ಅರ್ಥದ ಸಾಲುಗಳು, ಅವುಗಳ ಹಿಂದೆಯೇ ಯುಎಸ್‌ಬಿ ಸಾಧನವನ್ನು ಮರುಹೊಂದಿಸಲಾಗಿದೆ ಎಂಬ ಸಾಲು ಬರುತ್ತವೆ. ಅದಾದ ಮೇಲೆ ಸ್ವಲ್ಪ ಹೊತ್ತು ಪ್ರತಿ ಮುಂದುವರಿಯುತ್ತದೆ. ಡಿಸ್ಕ್ ಹಾಳಾಗಿದೆ ಎಂದು ಇದರ ಅರ್ಥವೇ?

ಕರಾವಳಿ ಕರ್ನೆಲ್

ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಕಿಲ್ಲ. ಇಲ್ಲಿ ನಾಲ್ಕು ಸಾಧ್ಯತೆಗಳಿವೆ, ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ಮೊದಲು ಕೇಬಲ್ ಮತ್ತು ಪೋರ್ಟ್ ಬದಲಿಸಿ. ಕಂಪ್ಯೂಟರ್‌ನ ಮುಂಭಾಗದ ಪೋರ್ಟ್‌ಗಳಿಗಿಂತ ಹಿಂಭಾಗದಲ್ಲಿ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುವ ಪೋರ್ಟ್‌ಗಳು ಹೆಚ್ಚು ನಂಬಿಕೆಗೆ ಅರ್ಹ. ನಂತರ ವಿದ್ಯುತ್: ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕು ಎಂದು ಮಾನದಂಡ ಹೇಳುತ್ತದೆ. ತಿರುಗುವ ತಟ್ಟೆಯ ಡಿಸ್ಕ್‌ಗಳಿಗೆ ಕೆಲವೊಮ್ಮೆ ಇಷ್ಟು ಸಾಲುವುದಿಲ್ಲ, ಅದರಲ್ಲೂ ಒಂದೇ ಹಬ್‌ಗೆ ಸ್ಕ್ಯಾನರ್, ಡಿಸ್ಕ್ ಎಲ್ಲವನ್ನೂ ಜೋಡಿಸಿದ್ದರೆ. ಗೋಡೆಯ ಪ್ಲಗ್‌ನಿಂದ ಪ್ರತ್ಯೇಕ ವಿದ್ಯುತ್ ಪಡೆಯುವ ಹಬ್ ಇದ್ದರೆ ಅದರಲ್ಲಿ ಪರೀಕ್ಷಿಸಿ.

ಮೂರನೆಯದು ನಿಮ್ಮ ಸಂದೇಶದಲ್ಲೇ ಹೆಸರಿದೆ. ಡಿಸ್ಕ್‌ನ ಪೆಟ್ಟಿಗೆಯೊಳಗೆ ಯುಎಸ್‌ಬಿಯನ್ನು ಡಿಸ್ಕ್‌ನ ಒಳಸಂಪರ್ಕವಾದ ಸಾಟಾಗೆ ಪರಿವರ್ತಿಸುವ ಒಂದು ಚಿಪ್ ಇರುತ್ತದೆ. ಯುಎಎಸ್ ಎಂಬುದು ಹಲವು ಆದೇಶಗಳನ್ನು ಒಟ್ಟಿಗೆ ಸರತಿಯಲ್ಲಿಟ್ಟು ನಡೆಸುವ ಹೊಸ ಕ್ರಮ, ಹಳೆಯ ಕ್ರಮದಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಕೆಲವು ಚಿಪ್‌ಗಳು ಯುಎಎಸ್ ಬಲ್ಲೆವೆಂದು ಹೇಳಿಕೊಂಡರೂ ಭಾರ ಹೆಚ್ಚಾದಾಗ ಉತ್ತರಿಸದೆ ನಿಲ್ಲುತ್ತವೆ. ಅಂತಹ ಸಾಧನವನ್ನು ಹಳೆಯ ಕ್ರಮದಲ್ಲೇ ನಡೆಸುವಂತೆ ಕರ್ನೆಲ್‌ಗೆ ಹೇಳಬಹುದು. ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಟ್ಟರೆ ಆ ಪೆಟ್ಟಿಗೆಯ ತಯಾರಕ ಸಂಖ್ಯೆ ಮತ್ತು ಉತ್ಪನ್ನ ಸಂಖ್ಯೆ ನಡುವೆ ವಿವರಣ ಚಿಹ್ನೆಯೊಡನೆ (:) ಸಿಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಕರ್ನೆಲ್ ಅನ್ನು ತೆರೆಯುವ ಗ್ರಬ್‌ನ ಕರ್ನೆಲ್ ಸಾಲಿನಲ್ಲಿ ‘ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್’ ಎಂಬ ಆಯ್ಕೆಗೆ ಆ ಎರಡು ಸಂಖ್ಯೆಗಳನ್ನೂ, ಕೊನೆಯಲ್ಲಿ ‘ಯು’ ಎಂಬ ಸಣ್ಣ ಅಕ್ಷರವನ್ನೂ ಸೇರಿಸಿ ಕಂಪ್ಯೂಟರ್ ಮರಳಿ ಶುರು ಮಾಡಿ. ವೇಗ ತುಸು ಕಡಿಮೆಯಾಗಬಹುದು, ಆದರೆ ವರ್ಗಾವಣೆ ಕೊನೆಯವರೆಗೆ ನಡೆಯುತ್ತದೆ. ನಿಮ್ಮ ಕೆಲಸಕ್ಕೆ ಬೇಕಿರುವುದು ಅದೇ ಅಲ್ಲವೇ?

ನಾಲ್ಕನೆಯದು ಡಿಸ್ಕ್‌ನ ಸ್ವಂತ ಆರೋಗ್ಯ. ‘ಸ್ಮಾರ್ಟ್‌ಸಿಟಿಎಲ್’ ಕಮಾಂಡ್‌ನಿಂದ ಕೆಟ್ಟು ಮರುಹಂಚಿಕೆಯಾದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಭಾಗಗಳು) ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆಯನ್ನು ನೋಡಿ. ಎರಡೂ ಶೂನ್ಯವಾಗಿದ್ದರೆ ಒಳ್ಳೆಯ ಲಕ್ಷಣ. ಬಾಕಿ ಸೆಕ್ಟರ್‌ಗಳು ಬೆಳೆಯುತ್ತಾ ಹೋಗುತ್ತಿದ್ದರೆ ಆ ಡಿಸ್ಕ್‌ಗೆ ಮುಂದೆ ಒಂದು ಪುಟವನ್ನೂ ಬರೆಯಬೇಡಿ. ಅದರಲ್ಲಿ ಈಗಾಗಲೇ ಇರುವ ಸ್ಕ್ಯಾನ್‌ಗಳನ್ನು ‘ಡಿಡಿರೆಸ್ಕ್ಯೂ’ ಬಳಸಿ ಹೊರಗೆ ತೆಗೆಯಿರಿ. ಸಾಮಾನ್ಯ ಪ್ರತಿ ಕಮಾಂಡ್ ಕೆಟ್ಟ ಸೆಕ್ಟರ್ ಎದುರಾದಾಗ ಅಲ್ಲೇ ತಡವರಿಸುತ್ತದೆ. ಡಿಡಿರೆಸ್ಕ್ಯೂ ಚೆನ್ನಾಗಿ ಓದಲಾಗುವ ಭಾಗಗಳನ್ನೆಲ್ಲ ಮೊದಲು ಉಳಿಸಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಬಯಲುಸೀಮೆ ಸರ್ವರ್

ಐದನೆಯ ಸಾಧ್ಯತೆಯನ್ನೂ ಸೇರಿಸುತ್ತೇನೆ, ಏಕೆಂದರೆ ಅದು ದೋಷವೇ ಅಲ್ಲ. ಹೊರಗಿನ ಡಿಸ್ಕ್‌ಗಳಲ್ಲಿ ಹಲವು ಎಸ್‌ಎಂಆರ್ ತಂತ್ರದವು. ಅವುಗಳಲ್ಲಿ ದತ್ತಾಂಶದ ಜಾಡುಗಳು ಒಂದರ ಮೇಲೊಂದು ಭಾಗಶಃ ಹೊದ್ದುಕೊಂಡಿರುವುದರಿಂದ ಒಂದನ್ನು ತಿದ್ದಲು ಪಕ್ಕದ ಜಾಡುಗಳನ್ನೂ ಮರಳಿ ಬರೆಯಬೇಕು. ಈ ಕೆಲಸವನ್ನು ಮರೆಮಾಚಲು ಸ್ವಲ್ಪ ಜಾಗವನ್ನು ತಾತ್ಕಾಲಿಕ ಸಂಗ್ರಹವಾಗಿ ಇಟ್ಟಿರುತ್ತಾರೆ, ಅದು ತುಂಬಿದ ಮೇಲೆ ವೇಗ ದಿಢೀರನೆ ಕುಸಿಯುತ್ತದೆ. ಆಗ ಮರುಹೊಂದಿಕೆಯ ಸಂದೇಶಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಸಂಖ್ಯೆಗಳು ಮಾತ್ರ ತೆವಳುತ್ತವೆ. ಅಗ್ಗದ ಎಸ್‌ಎಸ್‌ಡಿಗಳಲ್ಲೂ ವೇಗದ ಸಂಗ್ರಹ ಭಾಗ ತುಂಬಿದಾಗ ಹೀಗೆಯೇ ಆಗುತ್ತದೆ. ಇಲ್ಲಿ ಮಾಡಬೇಕಾದದ್ದು ಕಾಯುವುದೊಂದೇ.

ಹಾಗೆಯೇ, ಒಂದು ದೊಡ್ಡ ಕಡತವನ್ನು ಪ್ರತಿ ಮಾಡುವ ಕೆಲಸ 4 ಜಿಬಿಯ ಹತ್ತಿರ ಬಂದು ನಿಲ್ಲುತ್ತಿದ್ದರೆ ಕಡತ ವ್ಯವಸ್ಥೆ ಫ್ಯಾಟ್32 ಆಗಿದೆಯೇ ನೋಡಿ. ಅದರಲ್ಲಿ ಒಂದು ಕಡತ 4,294,967,295 ಬೈಟ್‌ಗಳನ್ನು ಮೀರುವಂತಿಲ್ಲ. ಇಡೀ ಪುಸ್ತಕವನ್ನು ಒಂದೇ ಪಿಡಿಎಫ್ ಅಥವಾ ಜಿಪ್ ಮಾಡುವವರಿಗೆ ಇದು ಅಡ್ಡಬರುತ್ತದೆ.

ಅಕ್ಷರ ಬಂಧು

ಕನ್ನಡದ ಪುಸ್ತಕಗಳನ್ನೇ ಸಾಗಿಸುತ್ತಿರುವುದರಿಂದ ಕಡತಗಳ ಹೆಸರಿನ ಬಗ್ಗೆ ಒಂದು ಮಾತು. ಲಿನಕ್ಸ್‌ನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಕಡತದ ಹೆಸರು 255 ಬೈಟ್‌ಗಳನ್ನು ಮೀರಬಾರದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಎರಡು ವಿರಾಮ (್), ಒಂದು ಸ್ವರಚಿಹ್ನೆ ಸೇರಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಒಟ್ಟಿನಲ್ಲಿ 85 ಸಂಕೇತಗಳನ್ನು ದಾಟಿದ ಕನ್ನಡ ಹೆಸರು ಇಎಕ್ಸ್‌ಟಿ4ರಲ್ಲಿ ಹಿಡಿಸುವುದಿಲ್ಲ. ಆದರೆ ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ ಮಿತಿಯನ್ನು ಯುಟಿಎಫ್-16ರ ಘಟಕಗಳಲ್ಲಿ ಎಣಿಸುವುದರಿಂದ 255 ಸಂಕೇತಗಳವರೆಗೆ ಇಡಬಹುದು. ಪುಸ್ತಕದ ಹೆಸರು, ಕರ್ತೃ, ಸಂಪಾದಕರು, ಪ್ರಕಾಶಕರು, ವರ್ಷ ಎಲ್ಲವನ್ನೂ ಕಡತದ ಹೆಸರಿನಲ್ಲೇ ಬರೆದು ವಿಂಡೋಸ್ ಯಂತ್ರದಿಂದ ತಂದರೆ ಅದು ಲಿನಕ್ಸ್‌ನಲ್ಲಿ ‘ಹೆಸರು ಬಹಳ ಉದ್ದ’ ಎಂಬ ದೋಷದೊಡನೆ ನಿಲ್ಲುತ್ತದೆ. ಆ ಸಂದೇಶದ ಕಿಟಕಿ ಬೇರೆ ಕಿಟಕಿಗಳ ಹಿಂದೆ ಅಡಗಿಕೊಂಡರೆ, ನೋಡುವವರಿಗೆ ವರ್ಗಾವಣೆಯೇ ನಿಂತಂತೆ ಕಾಣುತ್ತದೆ.

ಮನೆ ಫೋಲ್ಡರ್ ಅನ್ನು ಇಕ್ರಿಪ್ಟ್‌ಎಫ್‌ಎಸ್‌ನಿಂದ ಗೂಢಲಿಪಿಗೊಳಿಸಿದ ಹಳೆಯ ಉಬುಂಟು ಯಂತ್ರಗಳಲ್ಲಿ ಮಿತಿ ಇನ್ನೂ ಬಿಗಿ, ಸುಮಾರು 143 ಬೈಟ್ ಮಾತ್ರ. ಕಡತಕ್ಕೆ ಚಿಕ್ಕದೊಂದು ಸಂಖ್ಯೆಯ ಹೆಸರಿಟ್ಟು, ಪೂರ್ಣ ವಿವರಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ದಾಖಲಿಸುವ ಕ್ರಮವನ್ನು ಎಲ್ಲ ಡಿಜಿಟಲೀಕರಣ ತಂಡಗಳೂ ಅನುಸರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತುಂಗಾತೀರ

ಹೆಸರಿನ ವಿಷಯ ನಮಗೆ ಗೊತ್ತೇ ಇರಲಿಲ್ಲ, ಕೂಡಲೇ ಆ ಕ್ರಮಕ್ಕೆ ಬದಲಾಗುತ್ತೇವೆ. ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿಯಲ್ಲಿ ಎರಡೂ ಸಂಖ್ಯೆಗಳು ಶೂನ್ಯವಾಗಿವೆ. ಕೇಬಲ್, ಪೋರ್ಟ್ ಬದಲಿಸಿದರೂ ಸಂದೇಶಗಳು ಬಂದವು. ಯುಎಎಸ್ ನಿಲ್ಲಿಸುವ ಆಯ್ಕೆಯನ್ನು ಸೇರಿಸಿದ ಮೇಲೆ ಬರಲಿಲ್ಲ. ಸ್ಕ್ಯಾನ್ ಆದ ಒಂದು ಇಡೀ ಕಪಾಟಿನ ಪುಸ್ತಕಗಳು ತಡೆಯಿಲ್ಲದೆ ಪ್ರತಿಯಾದವು. ಇನ್ನು ಉಳಿದಿರುವುದು ಸರ್ವರ್‌ಗೆ ಕಳುಹಿಸುವ ತೊಂದರೆ. ನಮ್ಮಲ್ಲಿ ಫೈಬರ್ ಸಂಪರ್ಕವಿದೆ, ರೂಟರ್‌ನಲ್ಲಿ ಬಳಕೆದಾರ ಹೆಸರು ಮತ್ತು ಗುಪ್ತಪದ ಕೊಟ್ಟು ಸಂಪರ್ಕ ಪಡೆಯುವ ಪಿಪಿಪಿಒಇ ಕ್ರಮ. ಇತ್ತೀಚೆಗೆ ರೂಟರ್ ಬದಲಾಗಿದೆ.

ಬಯಲುಸೀಮೆ ಸರ್ವರ್

ಪಿಪಿಪಿಒಇ ಎಂದು ನೀವು ಬರೆದದ್ದರಿಂದ ದಾರಿ ಸುಲಭವಾಯಿತು. ಸಣ್ಣ ಕಡತಗಳು ಹೋಗುತ್ತವೆ, ಲಾಗಿನ್ ಆಗುತ್ತದೆ, ದೊಡ್ಡ ಕಡತ ಮಾತ್ರ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ ಎಂಬ ಮೂರೂ ಲಕ್ಷಣಗಳು ಕೂಡಿದಾಗ ನಾನು ಮೊದಲು ಅನುಮಾನಿಸುವುದು ಎಂಟಿಯುವನ್ನು, ಅಂದರೆ ಒಂದು ಪ್ಯಾಕೆಟ್‌ನ (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕಿನ) ಗರಿಷ್ಠ ಗಾತ್ರವನ್ನು.

ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ಗಳವರೆಗೆ ಇರಬಹುದು. ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ತೆಗೆದುಕೊಳ್ಳುವುದರಿಂದ ನಿಮ್ಮಲ್ಲಿಂದ ಹೊರಗೆ ಹೋಗಬಹುದಾದ ದೊಡ್ಡ ಪ್ಯಾಕೆಟ್ 1492 ಬೈಟ್. ನಿಮ್ಮ ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ, ಅದು 1500ರ ಪ್ಯಾಕೆಟ್ ಕಳುಹಿಸುತ್ತದೆ. ಇಂದಿನ ಟಿಸಿಪಿ ಪ್ಯಾಕೆಟ್‌ಗಳ ಮೇಲೆ ‘ತುಂಡರಿಸಬೇಡಿ’ ಎಂಬ ಗುರುತು ಇರುವುದರಿಂದ ರೂಟರ್ ಅದನ್ನು ಒಡೆದು ಕಳುಹಿಸುವಂತಿಲ್ಲ. ಅದು ಪ್ಯಾಕೆಟ್ಟನ್ನು ಬಿಸುಟು, ‘1492ಕ್ಕಿಂತ ದೊಡ್ಡದು ಹೋಗದು’ ಎಂಬ ಐಸಿಎಂಪಿ (ಜಾಲದ ದೋಷಗಳನ್ನು ತಿಳಿಸುವ ಕ್ರಮ) ಸಂದೇಶವನ್ನು ಕಂಪ್ಯೂಟರ್‌ಗೆ ಮರಳಿಸಬೇಕು. ಆ ಸಂದೇಶ ಬಂದರೆ ಕಂಪ್ಯೂಟರ್ ಚಿಕ್ಕ ಪ್ಯಾಕೆಟ್‌ಗಳಿಗೆ ಇಳಿಯುತ್ತದೆ, ಬಳಕೆದಾರರಿಗೆ ಏನೂ ತಿಳಿಯುವುದಿಲ್ಲ. ನಡುವೆ ಯಾರಾದರೂ ಸುರಕ್ಷತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆದಿದ್ದರೆ ಆ ಸಂದೇಶ ಬರುವುದೇ ಇಲ್ಲ. ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ, ಅದು ಮತ್ತೆ ಮತ್ತೆ ಕಳೆದುಹೋಗುತ್ತದೆ. ಲಾಗಿನ್ ಮತ್ತು ಸಣ್ಣ ಕಡತಗಳ ಪ್ಯಾಕೆಟ್‌ಗಳು ಚಿಕ್ಕವಾದ್ದರಿಂದ ಅವು ಸಲೀಸಾಗಿ ಸಾಗುತ್ತವೆ. ಐಸಿಎಂಪಿಯನ್ನು ಪೂರ್ತಿ ಮುಚ್ಚುವುದು ಜಾಲ ನಿರ್ವಾಹಕರು ಮಾಡಬಾರದ ಕೆಲಸ ಎಂದು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ.

ಪರೀಕ್ಷೆ ಹೀಗೆ. ‘ಪಿಂಗ್’ ಕಮಾಂಡ್‌ನಲ್ಲಿ ತುಂಡರಿಸಬಾರದು ಎಂಬ ಆಯ್ಕೆಯನ್ನೂ, ಗಾತ್ರ 1472 ಎಂಬುದನ್ನೂ ಕೊಟ್ಟು ಸರ್ವರ್‌ಗೆ ಕಳುಹಿಸಿ. 1472ಕ್ಕೆ ಐಪಿಯ 20 ಮತ್ತು ಐಸಿಎಂಪಿಯ 8 ಬೈಟ್ ಸೇರಿ 1500 ಆಗುತ್ತದೆ. ಬಳಿಕ 1464ನ್ನು ಕೊಡಿ, ಅದು 1492 ಆಗುತ್ತದೆ. ಎರಡನೆಯದಕ್ಕೆ ಉತ್ತರ ಬಂದು ಮೊದಲನೆಯದಕ್ಕೆ ಉತ್ತರವೂ ಇಲ್ಲ, ದೋಷ ಸಂದೇಶವೂ ಇಲ್ಲ ಎಂದಾದರೆ ನಮ್ಮ ಅನುಮಾನ ನಿಜ. ಪ್ರತಿ ನಿಂತಿರುವಾಗ ‘ಎಸ್‌ಎಸ್’ ಕಮಾಂಡ್‌ನಿಂದ ಟಿಸಿಪಿ ಸಂಪರ್ಕದ ವಿವರಗಳನ್ನೂ ನೋಡಿ. ಕಳುಹಿಸಲು ಕಾದಿರುವ ಬೈಟ್‌ಗಳ ಸಂಖ್ಯೆ ದೊಡ್ಡದಾಗಿದ್ದು ಮರುಕಳುಹಿಸುವಿಕೆಯ ಎಣಿಕೆ ಏರುತ್ತಿದ್ದರೆ ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋಗುತ್ತಿವೆ. ಮರುಕಳುಹಿಸುವಿಕೆ ಇಲ್ಲದೆ ‘ಆರ್‌ಡಬ್ಲ್ಯೂಎನ್‌ಡಿ ಲಿಮಿಟೆಡ್’ ಎಂಬ ಕಾಲಾವಧಿ ಮಾತ್ರ ಬೆಳೆಯುತ್ತಿದ್ದರೆ ದಾರಿ ಸರಿಯಿದೆ, ಆಚೆಯ ಯಂತ್ರವೇ ತೆಗೆದುಕೊಳ್ಳುತ್ತಿಲ್ಲ, ಹೆಚ್ಚಾಗಿ ಅದರ ಡಿಸ್ಕ್ ನಿಧಾನವಾಗಿದೆ ಎಂದು ಅರ್ಥ. ಈ ಎರಡನ್ನು ಬೇರ್ಪಡಿಸದೆ ಹೊಂದಿಕೆಗಳನ್ನು ಬದಲಿಸಲು ಹೋಗಬೇಡಿ.

ತುಂಗಾತೀರ

1464ಕ್ಕೆ ಉತ್ತರ ಬರುತ್ತದೆ. 1472ಕ್ಕೆ ಮೌನ, ಯಾವ ಸಂದೇಶವೂ ಇಲ್ಲ. ಮರುಕಳುಹಿಸುವಿಕೆಯ ಎಣಿಕೆ ಏರುತ್ತಲೇ ಇದೆ.

ಬಯಲುಸೀಮೆ ಸರ್ವರ್

ಹಾಗಾದರೆ ಖಚಿತವಾಯಿತು. ಸರಿಯಾದ ಪರಿಹಾರವಿರುವುದು ರೂಟರ್‌ನಲ್ಲಿ: ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಹೊಂದಿಕೆ ಇದ್ದರೆ ಅದನ್ನು ಚಾಲೂ ಮಾಡಿ. ಆಗ ಸಂಪರ್ಕ ಶುರುವಾಗುವಾಗಲೇ ಎರಡೂ ಕಡೆಯವರು, ತಲೆಬರಹಗಳನ್ನು ಬಿಟ್ಟು, 1452 ಬೈಟ್‌ಗಳಿಗಿಂತ ದೊಡ್ಡ ತುಣುಕುಗಳನ್ನು ಕಳುಹಿಸದಂತೆ ಒಪ್ಪಂದವಾಗುತ್ತದೆ, ಗ್ರಂಥಾಲಯದ ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಸರಿಹೋಗುತ್ತದೆ. ರೂಟರ್‌ನಲ್ಲಿ ಆ ಅವಕಾಶವಿಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ನ ನೆಟ್‌ವರ್ಕ್ ಹೊಂದಿಕೆಗಳಲ್ಲಿ ಎಂಟಿಯುವನ್ನು 1492 ಎಂದು ಬರೆಯಿರಿ. ‘ಟಿಸಿಪಿ ಎಂಟಿಯು ಪ್ರೋಬಿಂಗ್’ ಎಂಬ ಕರ್ನೆಲ್ ಹೊಂದಿಕೆಯನ್ನು 1 ಮಾಡಿದರೂ ನಡೆಯುತ್ತದೆ, ದೊಡ್ಡ ಪ್ಯಾಕೆಟ್‌ಗಳು ಕಳೆದುಹೋಗುತ್ತಿವೆ ಎಂದು ಗುರುತಿಸಿ ಕರ್ನೆಲ್ ತಾನೇ ಗಾತ್ರ ಇಳಿಸಿ ನೋಡುತ್ತದೆ. ವಿಪಿಎನ್ ಬಳಸುವವರಲ್ಲೂ ಇದೇ ತೊಂದರೆ ಬರುತ್ತದೆ, ಏಕೆಂದರೆ ಸುರಂಗದ ತಲೆಬರಹಕ್ಕೆ ಇನ್ನಷ್ಟು ಜಾಗ ಹೋಗುತ್ತದೆ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420 ಎಂದು ಇಡುವುದು ಇದೇ ಕಾರಣಕ್ಕೆ.

ಹಳೇಬೀಡು ಹ್ಯಾಕರ್

ಇದರ ಜೊತೆಗೆ ಎಸ್‌ಸಿಪಿಯನ್ನು ಬಿಟ್ಟು ಆರ್‌ಸಿಂಕ್ ಬಳಸಿ ಎಂದು ನನ್ನ ಮನವಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ವಿದ್ಯುತ್ ಮತ್ತು ಸಂಪರ್ಕ ಎರಡೂ ಆಗಾಗ ಹೋಗುತ್ತವೆ. ಎಸ್‌ಸಿಪಿ ಕಡಿದುಹೋದರೆ ಆ ಕಡತವನ್ನು ಮೊದಲಿನಿಂದ ಕಳುಹಿಸಬೇಕು. ಆರ್‌ಸಿಂಕ್‌ಗೆ ‘ಪಾರ್ಷಿಯಲ್’ ಆಯ್ಕೆ ಕೊಟ್ಟರೆ ಅರ್ಧ ಹೋದ ಕಡತವನ್ನು ಉಳಿಸಿಕೊಂಡು, ಮುಂದಿನ ಸಲ ಅದನ್ನು ಬಳಸಿಕೊಳ್ಳುತ್ತದೆ. ‘ಟೈಮ್‌ಔಟ್’ ಆಯ್ಕೆಯನ್ನು 60 ಎಂದು ಕೊಡುವುದೂ ಒಳ್ಳೆಯದು. ಸಂಪರ್ಕ ಸದ್ದಿಲ್ಲದೆ ಸತ್ತಿದ್ದರೆ ಲಿನಕ್ಸ್‌ನ ಮೂಲ ಹೊಂದಿಕೆಯಲ್ಲಿ ಟಿಸಿಪಿ ಸುಮಾರು 15 ನಿಮಿಷಗಳವರೆಗೆ ಮರುಪ್ರಯತ್ನ ಮಾಡುತ್ತಲೇ ಇರುತ್ತದೆ, ಅಷ್ಟು ಹೊತ್ತೂ ನೋಡುವವರಿಗೆ ಅದು ನಿಂತಂತೆಯೇ ಕಾಣುತ್ತದೆ. ಎಸ್‌ಎಸ್‌ಎಚ್‌ನ ಹೊಂದಿಕೆ ಕಡತದಲ್ಲಿ ‘ಸರ್ವರ್ ಅಲೈವ್ ಇಂಟರ್ವಲ್’ ಅನ್ನು 15 ಎಂದು ಇಟ್ಟರೆ, ಆಚೆಯಿಂದ ಉತ್ತರ ಬರದಿರುವುದು ಮುಕ್ಕಾಲು ನಿಮಿಷದೊಳಗೆ ತಿಳಿಯುತ್ತದೆ.

ಲ್ಯಾಪ್‌ಟಾಪ್‌ನಿಂದ ವೈಫೈ ಮೂಲಕ ಕಳುಹಿಸುವವರು ವೈಫೈನ ವಿದ್ಯುತ್ ಉಳಿತಾಯವನ್ನು ‘ಐಡಬ್ಲ್ಯೂ’ ಕಮಾಂಡ್‌ನಿಂದ ತಾತ್ಕಾಲಿಕವಾಗಿ ನಿಲ್ಲಿಸಿಯೂ ನೋಡಬಹುದು.

ತುಂಗಾತೀರ

ರೂಟರ್‌ನಲ್ಲಿ ಆ ಹೊಂದಿಕೆ ಸಿಗಲಿಲ್ಲ, ಆದ್ದರಿಂದ ಕಂಪ್ಯೂಟರ್‌ನಲ್ಲೇ 1492 ಎಂದು ಬರೆದೆ. ಚಿತ್ರಗಳು ಹೋಗತೊಡಗಿವೆ. ಆರ್‌ಸಿಂಕ್‌ಗೂ ಬದಲಾಗಿದ್ದೇವೆ. ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಕೊನೆಯ ಪ್ರಶ್ನೆ: ಈ ಹಿಂದೆ ಅರ್ಧಕ್ಕೆ ನಿಂತಾಗ ಹೊರಗಿನ ಡಿಸ್ಕ್‌ಗೆ ಹೋದ ಕಡತಗಳು ಸರಿಯಾಗಿವೆಯೇ ಎಂದು ಹೇಗೆ ತಿಳಿಯುವುದು? ಗಾತ್ರ ಹೋಲಿಸಿದರೆ ಸಾಕೇ?

ಕರಾವಳಿ ಕರ್ನೆಲ್

ಗಾತ್ರ ಸಾಲದು. ಗಾತ್ರ ಸರಿಯಾಗಿದ್ದೂ ಒಳಗಿನ ಒಂದು ಭಾಗ ಸೊನ್ನೆಗಳಿಂದ ತುಂಬಿರಬಹುದು. ಮೂಲ ಫೋಲ್ಡರ್‌ನಲ್ಲಿ ‘ಶಾ256ಸಮ್’ ಕಮಾಂಡ್‌ನಿಂದ ಎಲ್ಲ ಕಡತಗಳ ತಾಳೆ ಮೊತ್ತಗಳನ್ನು (ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತುಗಳನ್ನು) ಒಂದು ಪಟ್ಟಿಯಾಗಿ ಬರೆದಿಟ್ಟುಕೊಳ್ಳಿ, ಆ ಪಟ್ಟಿಯನ್ನು ಡಿಸ್ಕ್‌ಗೂ ಪ್ರತಿ ಮಾಡಿ, ಅಲ್ಲಿ ಅದೇ ಕಮಾಂಡ್‌ನ ‘ಚೆಕ್’ ಆಯ್ಕೆಯಿಂದ ತಾಳೆ ನೋಡಿ. ಮುಂದೆ ಸರ್ವರ್‌ನಲ್ಲೂ ಅದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ಆದರೆ ಪ್ರತಿ ಮುಗಿದ ಕೂಡಲೇ ತಾಳೆ ನೋಡಬೇಡಿ. ಆಗಷ್ಟೇ ಬರೆದ ಕಡತಗಳು ಪೇಜ್ ಕ್ಯಾಶ್‌ನಲ್ಲಿ ಇನ್ನೂ ಇರುತ್ತವೆ, ಕರ್ನೆಲ್ ಅವನ್ನು ಮೆಮೊರಿಯಿಂದಲೇ ಓದಿ ಕೊಡುತ್ತದೆ, ಡಿಸ್ಕ್‌ನ ಮೇಲೆ ಏನಿದೆ ಎಂದು ನೋಡುವುದೇ ಇಲ್ಲ. ತಾಳೆ ಸರಿಬಂದರೂ ಅದು ಡಿಸ್ಕ್‌ನ ಪರೀಕ್ಷೆಯಾಗುವುದಿಲ್ಲ. ಮೊದಲು ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಆಯ್ಕೆಯಿಂದ ಡಿಸ್ಕ್ ಬೇರ್ಪಡಿಸಿ, ಕೇಬಲ್ ತೆಗೆದು ಮರಳಿ ಜೋಡಿಸಿ, ಆಮೇಲೆ ಮೊತ್ತಗಳನ್ನು ಹೋಲಿಸಿ. ತಾಳೆಯಾಗದ ಕಡತಗಳ ಹೆಸರುಗಳನ್ನು ಕಮಾಂಡ್ ತಾನೇ ತೋರಿಸುತ್ತದೆ, ಅಷ್ಟನ್ನು ಮಾತ್ರ ಮರಳಿ ಪ್ರತಿ ಮಾಡಿದರೆ ಸಾಕು. ಎಲ್ಲ ಪುಟಗಳೂ ತಾಳೆಯಾಗುವವರೆಗೆ ಸ್ಕ್ಯಾನ್ ಕಂಪ್ಯೂಟರ್‌ನಲ್ಲಿರುವ ಮೂಲ ಕಡತಗಳನ್ನು ಅಳಿಸಬೇಡಿ.